ಎಮ್ಮೆಯ ಬಿಳುಪು, ಹಸುವಿನ ಬಿಳುಪು

ಎರಡು ಬಿಳಿ ಚೌಕಗಳ ಎದುರು ನಿಂತು ನಾನು ಹದಿನೇಳು ದಿನ ಕಳೆದೆ ಎಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಇಡೀ ದಿನವಲ್ಲ, ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಹತ್ತು ನಿಮಿಷ, ಸಂಜೆ ಬಂದು ಕೈಕಾಲು ತೊಳೆಯುವ ಮುನ್ನ ಕಾಲು ಗಂಟೆ, ಭಾನುವಾರಗಳಂದು ಮಾತ್ರ ಮಿತಿಯಿರಲಿಲ್ಲ. ಚೌಕಗಳು ನಮ್ಮ ನಡುಮನೆಯ ಗೋಡೆಯ ಮೇಲೆ ಒಂದರ ಕೆಳಗೊಂದು ಇದ್ದವು. ಒಂದೊಂದೂ ಮಡಿಸಿದ ದಿನಪತ್ರಿಕೆಯಷ್ಟು ಅಗಲ. ಗೋಡೆಗೆ ಯಾವ ಬಣ್ಣವೆಂದು ತೀರ್ಮಾನಿಸಲು ಅನುಕೂಲವಾಗಲಿ ಎಂದು ಪೇಂಟರ್ ಶರಣಪ್ಪ ಬಳಿದು ಹೋಗಿದ್ದ ಮಾದರಿಗಳು ಅವು. ಮೇಲಿನದು ಬಿಳಿ. ಕೆಳಗಿನದೂ ಬಿಳಿ. ಆದರೆ ಮೇಲಿನದು ಕೆಳಗಿನದಕ್ಕಿಂತ ಒಂದು ಎಳೆಯಷ್ಟು ಹೆಚ್ಚು ಬಿಳಿ. ಅಥವಾ, ಸರಿಯಾಗಿ ಹೇಳಬೇಕೆಂದರೆ, ಕೆಳಗಿನದು ಮೇಲಿನದಕ್ಕಿಂತ ಒಂದು ಎಳೆಯಷ್ಟು ಹಳದಿ. ಈ ಎರಡು ವಾಕ್ಯಗಳಲ್ಲಿ ಯಾವುದು ಹೆಚ್ಚು ಸರಿ ಎಂದು ನಿರ್ಧರಿಸುವುದಕ್ಕೇ ಮೊದಲ ಮೂರು ದಿನಗಳು ಹಿಡಿದವು.

ನೀವು ನಗುತ್ತಿರಬಹುದು. ನಗುವುದಕ್ಕೆ ಕಾರಣವಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಆ ಚೌಕಗಳಲ್ಲಿ ಒಂದನ್ನು ನಾನು ಆರಿಸುವವರೆಗೆ ನನ್ನ ತಾಯಿಯ ಎಡಗಣ್ಣಿನ ಶಸ್ತ್ರಚಿಕಿತ್ಸೆ ನಡೆಯುವಂತಿರಲಿಲ್ಲ. ಗೋಡೆಗೂ ಕಣ್ಣಿಗೂ ಹೇಗೆ ಗಂಟು ಬಿತ್ತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮವಾಗಿ ಹೇಳದಿದ್ದರೆ ನನಗೆ ಸಮಾಧಾನವಿರುವುದಿಲ್ಲ.

ಅಮ್ಮನಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಮೊದಲು ಬಲಗಣ್ಣಿನದನ್ನು ತೆಗೆಸಿದೆವು. ಪಟ್ಟಿ ಬಿಚ್ಚಿಸಿಕೊಂಡು ಆಟೋದಲ್ಲಿ ಅತ್ತಿಗುಪ್ಪೆಯ ನಮ್ಮ ಮನೆಗೆ ಬಂದ ಅಮ್ಮ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ದಿವಾನದ ಹಿಂದೆ, ಎಲ್ಲರೂ ತಲೆ ಆನಿಸಿ ಆನಿಸಿ ಎಣ್ಣೆ ಹಿಡಿದಿದ್ದ ಗೋಡೆಯ ಭಾಗವನ್ನೇ ನೋಡುತ್ತಿದ್ದಳು.

"ಈ ಗೋಡೆ ಯಾವಾಗ್ಲಿಂದ ಹಿಂಗೈತೆ?" ಎಂದಳು.

"ಬಹಳ ವರ್ಷದಿಂದ ಹೀಗೇ ಇದೆಯಮ್ಮ."

"ಬಂದೋರೆಲ್ಲ ಇದನ್ನ ನೋಡ್ಕೊಂಡೇ ಕಾಫಿ ಕುಡ್ದು ಹೋದ್ರಾ?"

ನನ್ನ ಹೆಂಡತಿ ಸುಧಾ ಸಮಾಧಾನ ಹೇಳಿದಳು. "ಯಾರೂ ನೋಡಿಲ್ಲ ಬಿಡಿ ಅತ್ತೆ. ಬಂದೋರೆಲ್ಲ ಮೊಬೈಲ್ ನೋಡ್ತಿರ್ತಾರೆ."

ಈ ಸಮಾಧಾನ ಫಲಿಸಲಿಲ್ಲ. ಕಣ್ಣಿನ ಪೊರೆಯು ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಮಾನವನ್ನು ಅಮ್ಮನ ದೃಷ್ಟಿಯಿಂದ ಕಾಪಾಡಿಕೊಂಡು ಬಂದಿತ್ತು. ಅದನ್ನು ತೆಗೆಸಲು ನಾವೇ ಓಡಾಡಿ, ನಾವೇ ಸಹಿ ಹಾಕಿ ಬಂದಿದ್ದೆವು.

ಎಡಗಣ್ಣಿನ ಪೊರೆ ಗಟ್ಟಿಯಾಗುತ್ತಿದೆ, ತಡ ಮಾಡಿದಷ್ಟೂ ಕಷ್ಟ ಎಂದು ವೈದ್ಯರು ಹೇಳಿದ್ದರು. ಬಲಗಣ್ಣಿನ ಪಥ್ಯದ ತಿಂಗಳು ಮುಗಿದ ಮೇಲೆ ದಿನಾಂಕವನ್ನೂ ಕೊಟ್ಟರು. ಆಗ ಅಮ್ಮ ತನ್ನ ಷರತ್ತನ್ನು ಮುಂದಿಟ್ಟಳು. ಮೊದಲು ಗೋಡೆ, ಆಮೇಲೆ ಕಣ್ಣು. ಆಪರೇಷನ್ ಆದ ಮೇಲೆ ಒಂದು ತಿಂಗಳು ಮನೆಯಲ್ಲಿ ಧೂಳು, ಪೇಂಟು ಯಾವುದೂ ಆಗಬಾರದೆಂದು ವೈದ್ಯರೇ ಹೇಳಿರುವಾಗ, ಗೋಡೆಯ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು ತಾನೇ ಜಾಣತನ? ನಾನು ಈ ತರ್ಕದಲ್ಲಿ ದೋಷ ಹುಡುಕಿದೆ; ಸಿಗಲಿಲ್ಲ. ಹಾಗಾಗಿ ಗೋಡೆಯ ಕಡತ ನನ್ನ ಮೇಜಿಗೆ ಬಂತು. ಬಂದ ಕಡತ ಮುಂದಕ್ಕೆ ಹೋಗಲಿಲ್ಲ. ಕೊಟ್ಟಿದ್ದ ದಿನಾಂಕ ಒಂದು ಸಲ ಕೈತಪ್ಪಿಯೂ ಹೋಯಿತು.

ಕಡತ ಏಕೆ ಮುಂದಕ್ಕೆ ಹೋಗಲಿಲ್ಲ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನು ಮೊದಲಿಗ. ಹೊರಗಿನವರಿಗೆ ಇದು ಹೆಮ್ಮೆಯ ಸಂಗತಿಯಾಗಿ ಕಾಣುತ್ತದೆ. ಒಳಗಿರುವವನಿಗೆ ಮಾತ್ರ ಇದೊಂದು ನೌಕರಿ ಎಂದು ಗೊತ್ತು, ಅದಕ್ಕೆ ರಜೆಯಿಲ್ಲ. ಮಾತ್ರೆಯ ಚೀಟಿ, ವಿದ್ಯುತ್ ಬಿಲ್ಲು, ಪಹಣಿ, ಬ್ಯಾಂಕಿನಿಂದ ಬಂದ ಸಂದೇಶ, ಚಿಕ್ಕಪ್ಪನ ಮಗಳ ಗಂಡಿನ ಜಾತಕದ ಜೊತೆಗಿದ್ದ ಅಂಕಪಟ್ಟಿ, ಇವೆಲ್ಲವೂ "ಓದಿದೋನು ನೀನು, ನೋಡಿ ಹೇಳು" ಎಂಬ ಮುಖಪತ್ರದೊಂದಿಗೆ ನನ್ನ ಕೈಗೇ ಬರುತ್ತವೆ. "ನನಗೆ ಗೊತ್ತಿಲ್ಲ" ಎಂಬ ಎರಡು ಪದಗಳನ್ನು ನಾನು ಪದವಿ ಪ್ರಮಾಣಪತ್ರ ಪಡೆದ ದಿನ ಕಾಲೇಜಿನಲ್ಲೇ ಬಿಟ್ಟುಬಂದೆ ಎಂದು ಕಾಣುತ್ತದೆ. ಆಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ, ಆ ಎರಡು ಪದಗಳ ಜಾಗದಲ್ಲಿ ಇಟ್ಟುಕೊಳ್ಳಬಹುದಾದ ಒಂದು ಗೌರವಾನ್ವಿತ ಪದ ದೊರೆಯಿತು: ಪರಿಶೀಲಿಸುತ್ತೇನೆ. ಆ ಪದದ ನೆರಳಿನಲ್ಲಿ ಒಬ್ಬ ಮನುಷ್ಯ ನಿವೃತ್ತಿಯವರೆಗೆ ನೆಮ್ಮದಿಯಾಗಿರಬಹುದು, ಯಾರೂ ಅವನ ಮನೆಯ ಗೋಡೆಯ ಮೇಲೆ ಎರಡು ಚೌಕಗಳನ್ನು ಬಳಿಯದೇ ಹೋದರೆ.

ಪರಿಶೀಲಿಸಿದೆ. ಅಂಗಡಿಯಿಂದ ಶೇಡ್ ಕಾರ್ಡ್ ತಂದೆ. ಎರಡೂ ಬಣ್ಣಗಳಿಗೆ ಇಂಗ್ಲಿಷಿನ ಹೆಸರುಗಳಿದ್ದವು. ಒಂದರ ಹೆಸರಿನಲ್ಲಿ ದಂತವಿತ್ತು, ಇನ್ನೊಂದರಲ್ಲಿ ಮುಂಜಾನೆಯಿತ್ತು, ಯಾವುದರಲ್ಲೂ ಬಣ್ಣವಿರಲಿಲ್ಲ. "ಸಾರ್, ಒಂದ್ಸಲ ಮೆಷಿನ್ನಲ್ಲಿ ಮಿಕ್ಸ್ ಮಾಡಿಬಿಟ್ರೆ ವಾಪಸ್ ತಗೊಳ್ಳಲ್ಲ. ಚೆನ್ನಾಗಿ ಯೋಚನೆ ಮಾಡ್ಕೊಂಡು ಬನ್ನಿ" ಎಂದು ಅಂಗಡಿಯವರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಚೆನ್ನಾಗಿ ಯೋಚನೆ ಮಾಡಿ ಎಂದು ನನಗೆ ಹೇಳಬಾರದು. ಈಜು ಬಾರದವನಿಗೆ ಇನ್ನೂ ಸ್ವಲ್ಪ ಆಳಕ್ಕೆ ಹೋಗಿ ಎಂದಂತೆ ಅದು.

ಬೆಳಗಿನ ಹೊತ್ತು ಎದುರುಮನೆಯವರ ಕೇಸರಿ ಗೋಡೆಗೆ ಬಿಸಿಲು ಬಿದ್ದು, ಆ ಬೆಳಕು ನಮ್ಮ ಕಿಟಕಿಯಿಂದ ಒಳಗೆ ಬರುತ್ತದೆ. ಆಗ ಎರಡೂ ಚೌಕಗಳು ಏಲಕ್ಕಿ ಬಾಳೆಹಣ್ಣಿನ ತಿರುಳಿನಂತೆ ಕಾಣುತ್ತಿದ್ದವು. ಮಧ್ಯಾಹ್ನ ಮೇಲಿನದು ನೀಲಿಗೆ ತಿರುಗುತ್ತಿತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಎರಡೂ ಒಂದಾಗಿ, ನಾನು ಇಷ್ಟು ದಿನ ನೋಡಿದ್ದೆಲ್ಲ ಭ್ರಮೆಯೇ ಎಂಬ ಸಂಶಯ ಹುಟ್ಟಿಸುತ್ತಿದ್ದವು. ಕಚೇರಿಯಿಂದ ಒಂದು ಬಿಳಿ ಹಾಳೆ ತಂದು ಪಕ್ಕದಲ್ಲಿ ಹಿಡಿದೆ. ಹಾಳೆಯ ಪಕ್ಕದಲ್ಲಿ ಎರಡೂ ಕೊಳೆಯಾಗಿ ಕಂಡವು. ಫೋಟೋ ತೆಗೆದು ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. "ಗೋಡೆ ಚೆನ್ನಾಗಿದೆ. ಚೌಕ ಎಲ್ಲಿದೆ?" ಎಂದು ಅವರು ಕೇಳಿದರು. ಕೊನೆಗೆ ಐದು ಅಂಕಣಗಳ ಒಂದು ತಖ್ತೆ ತಯಾರಿಸಿ, ಬೆಳಕು, ಹೊತ್ತು, ಶುಭ್ರತೆ, ಕೊಳೆ ತಡೆಯುವ ಶಕ್ತಿ, ಷರಾ ಎಂದು ಬರೆದೆ. ಷರಾ ಅಂಕಣ ಮಾತ್ರ ತುಂಬಿತು. ಸುಧಾ ಆ ಹಾಳೆಯನ್ನು ಓದಿ, ಮಡಿಸಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ನಿಂತಿತು.

ನಮ್ಮ ಭಾಷೆ ಈ ವಿಷಯದಲ್ಲಿ ಬಡವಾದುದಲ್ಲ. ಬಿಳಿ, ಬಿಳುಪು, ಬೆಳ್ಳಗೆ ಎನ್ನುತ್ತೇವೆ. ಸಂಸ್ಕೃತದಿಂದ ಶ್ವೇತ, ಧವಳ, ಶುಭ್ರ, ಪಾಂಡುರ ಎಂದೆಲ್ಲ ತಂದುಕೊಂಡಿದ್ದೇವೆ. ಕೀರ್ತಿಯೂ ಬಿಳಿ, ನಗುವೂ ಬಿಳಿ ಎಂದು ಹಳೆಯ ಕವಿಗಳು ಒಪ್ಪಂದ ಮಾಡಿಕೊಂಡಿದ್ದರು. ಆ ಕವಿಗಳ ಹಂಸವು ಹಾಲಿನಲ್ಲಿ ಬೆರೆತ ನೀರನ್ನು ಬೇರ್ಪಡಿಸಿ ಹಾಲನ್ನಷ್ಟೇ ಕುಡಿಯುತ್ತದಂತೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ನನಗೆ ವಿಶೇಷವೆನಿಸಲಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಅಮ್ಮ ದಿನವೂ ಮಾಡುತ್ತಿದ್ದಳು.

ಹೊಸಹಳ್ಳಿಯಲ್ಲಿ ನಮ್ಮದೊಂದು ಕೊಟ್ಟಿಗೆಯಿತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ಎರಡು ಹಸು, ಒಂದು ಎಮ್ಮೆ. ಅಮ್ಮ ವಿಜಯನಗರದ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಒಮ್ಮೆ ಒಂದು ಮನೆಯ ಗೃಹಿಣಿ, ನಿನ್ನೆಯ ಹಾಲು ನೀರಾಗಿತ್ತು ಎಂದು ಬೀದಿಗೆ ಕೇಳುವಂತೆ ಹೇಳಿದರಂತೆ. ಅಮ್ಮ ಪಾತ್ರೆಯನ್ನು ತರಿಸಿ, ಒಂದು ಕಡೆ ವಾಲಿಸಿ, ಅಂಚಿನಿಂದ ಹಾಲು ಇಳಿಯುವುದನ್ನು ನೋಡಿ ಹೇಳಿದಳಂತೆ: "ಅಮ್ಮಾವ್ರೇ, ನಾನು ಹಾಕಿದ್ದು ಹಸೀನ ಹಾಲು. ಇದ್ರಲ್ಲಿ ಎಮ್ಮೆ ಹಾಲು ಬೆರೆತೈತೆ. ಆ ಎಮ್ಮೆ ನಮ್ದಲ್ಲ. ನೀರೂ ಆ ಎಮ್ಮೆ ಜೊತೇಲೇ ಬಂದೈತೆ." ಹಿಂದಿನ ಸಂಜೆ ಮನೆಯ ಯಜಮಾನರು ತಾವೇ ದಾರಿಯಲ್ಲಿ ಇನ್ನೊಬ್ಬರ ಬಳಿ ಅರ್ಧ ಲೀಟರ್ ಕೊಂಡು ಅದೇ ಪಾತ್ರೆಗೆ ಸುರಿದಿದ್ದರು ಎಂಬುದು ಆಮೇಲೆ ಹೊರಬಿತ್ತು. ಎಮ್ಮೆಯ ಹಾಲು ಬರಿ ಬಿಳುಪು, ಹಸುವಿನದರಲ್ಲಿ ಒಂದು ಎಳೆ ಹಳದಿ. ಅಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಹಾಲೇ ಹೇಳುತ್ತದೆ ಎನ್ನುತ್ತಿದ್ದಳು.

ಇಂಥ ಅಮ್ಮ ಮೂರು ವರ್ಷಗಳ ಹಿಂದೆ ಹಾಲಿನ ಬಗ್ಗೆ ಮಾತಾಡುವುದನ್ನೇ ನಿಲ್ಲಿಸಿದಳು. ಯಾವ ಪ್ಯಾಕೆಟ್ ತಂದರೂ ಸುಮ್ಮನೆ ಕುಡಿದಳು. ವಯಸ್ಸಾದ ಮೇಲೆ ಮೆತ್ತಗಾಗಿದ್ದಾಳೆ ಎಂದು ನಾನು ಸುಧಾಳಿಗೆ ಹೇಳಿದ್ದೆ. ಹೇಳುವಾಗ ತೃಪ್ತಿಯೂ ಇತ್ತು. ಅದು ಮೆತ್ತಗಾದದ್ದಲ್ಲ, ಪೊರೆ ಬೆಳೆದದ್ದು. ಮಾತ್ರೆಯ ಚೀಟಿಯಿಂದ ಅಂಕಪಟ್ಟಿಯವರೆಗೆ ಎಲ್ಲವನ್ನೂ ಪರಿಶೀಲಿಸುವ ನಾನು ಅದೊಂದನ್ನು ಪರಿಶೀಲಿಸಲಿಲ್ಲ. ಎಡಗಣ್ಣಿನ ವಿಷಯದಲ್ಲಿ ಮತ್ತೆ ತಡವಾಗಬಾರದೆಂದು ನನಗೆ ಎಷ್ಟು ಭಯವಿತ್ತೋ, ತಪ್ಪು ಬಣ್ಣ ಬಳಿಸಿ ಹೊಸ ಕಣ್ಣಿಗೆ ಹೊಸದೊಂದು ನಾಚಿಕೆ ತರಬಾರದೆಂಬ ಭಯವೂ ಅಷ್ಟೇ ಇತ್ತು. ಎರಡು ಭಯಗಳ ತೂಕ ಸಮವಾಗಿದ್ದರಿಂದ ತಕ್ಕಡಿ ಅಲುಗಾಡಲಿಲ್ಲ.

ಹದಿನೇಳನೆಯ ದಿನ ಭಾನುವಾರ. ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂತು. ನಾಳೆಯಲ್ಲ, ಅದರ ಮುಂದಿನ ಸೋಮವಾರ ಒಂದು ಜಾಗವಿದೆ, ಅದು ಬೇಡವೆಂದರೆ ಇನ್ನು ಮುಂದಿನ ತಿಂಗಳೇ ಎಂದು ಆ ಕಡೆಯ ಹುಡುಗಿ ಹೇಳಿದಳು. "ಪರಿಶೀಲಿಸಿ ತಿಳಿಸುತ್ತೇನೆ" ಎಂದೆ. "ಪರಿಶೀಲಿಸೋಕೆ ಏನಿದೆ ಸಾರ್? ಬರ್ತೀರಾ, ಇಲ್ವಾ, ಅಷ್ಟೇ" ಎಂದಳು. ಹನ್ನೆರಡು ಗಂಟೆಯೊಳಗೆ ಹೇಳುತ್ತೇನೆಂದು ಫೋನ್ ಇಟ್ಟೆ.

ಅಷ್ಟರಲ್ಲಿ ಶರಣಪ್ಪ ಬಂದ. ಕೊಪ್ಪಳದ ಕಡೆಯವನು, ಈ ಭಾಗದ ಅರ್ಧ ಮನೆಗಳ ಬಣ್ಣ ಅವನ ಕೈಯಿಂದಲೇ ಆದದ್ದು.

"ಏನ್ ಮಾಡಿದ್ರಿ ಸರ?"

"ಇನ್ನೂ ಸ್ವಲ್ಪ ನೋಡುತ್ತಿದ್ದೇನೆ, ಶರಣಪ್ಪ."

"ನೋಡ್ರಿ, ನಾಳಿಂದ ಹಿಡಿದ್ರ ಶುಕ್ರವಾರಕ್ಕ ಮುಗಿಸಿ ಕೊಡ್ತೀನಿ. ಇಲ್ಲಂದ್ರ ಉಲ್ಲಾಳದಾಗ ಮೂರಂತಸ್ತಿನ ಮನಿ ಒಪ್ಕೊಂಡೀನಿ, ಮತ್ತ ಒಂದ್ ತಿಂಗಳ ಈ ಕಡಿ ಬರಂಗಿಲ್ಲ. ನನ್ನ ಮಾತ ಕೇಳ್ರಿ, ಎರಡೂ ಬಿಳೇನ ಅದಾವ."

"ಎರಡೂ ಒಂದೇ ಅಲ್ಲ."

"ಅಲ್ಲ ಅನ್ನೂದು ನಿಮಗ ಗೊತ್ತು, ನನಗ ಗೊತ್ತು. ಗ್ವಾಡಿಗೆ ಗೊತ್ತಿಲ್ರಿ."

ಗಡಿಯಾರ ನೋಡಿದೆ. ಹತ್ತೂವರೆ. ಚೌಕಗಳನ್ನು ನೋಡಿದೆ. ಅವು ಬಾಳೆಹಣ್ಣಿನ ಬಣ್ಣದಿಂದ ಹೊರಬರುತ್ತಿದ್ದವು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಧಾ ಕೇಳಿದಳು: "ರೀ, ಅತ್ತೇನ ಒಂದ್ಸಲನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಹದಿನೇಳು ದಿನಗಳಲ್ಲಿ ಸಹೋದ್ಯೋಗಿಯನ್ನು ಕೇಳಿದ್ದೆ, ಅಂಗಡಿಯವರನ್ನು ಕೇಳಿದ್ದೆ, ಬಿಳಿ ಹಾಳೆಯನ್ನೂ ಒಂದು ರೀತಿಯಲ್ಲಿ ಕೇಳಿದ್ದೆ. ಅಮ್ಮನನ್ನು ಮಾತ್ರ ಕೇಳಿರಲಿಲ್ಲ. ಅದಕ್ಕೆ ನನ್ನ ಬಳಿ ಸಮರ್ಪಕವಾದ ಕಾರಣವಿತ್ತು.

"ಅವಳ ಒಂದು ಕಣ್ಣು ಸರಿಯಾಗಿದೆ, ಇನ್ನೊಂದು ಆಗಿಲ್ಲ. ಬಣ್ಣದ ವಿಷಯ ಅವಳಿಗೆ ಹೇಗೆ ತಿಳಿಯಬೇಕು?"

"ನಿಮಗೆ ಎರಡೂ ಸರಿಯಾಗಿವೆಯಲ್ಲ, ತಿಳೀತಾ?" ಎಂದಳು ಸುಧಾ.

ಶರಣಪ್ಪ ಕಿಟಕಿಯ ಕಡೆ ತಿರುಗಿ ಕೆಮ್ಮಿದ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಯ ಎದುರು ನಿಂತಳು. ಎಡ ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಂಡು ಹೊಸ ಕಣ್ಣಿನಿಂದ ಚೌಕಗಳನ್ನು ನೋಡಿದಳು. "ಮೇಲಿಂದು ಎಮ್ಮೆ ಹಾಲು, ಕೆಳಗಿಂದು ಹಸೀನ ಹಾಲು" ಎಂದಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ. ನನ್ನ ಐದು ಅಂಕಣಗಳು ಮೇಜಿನ ಕಾಲಿನ ಕೆಳಗೆ ಇದ್ದುದೇ ಒಳ್ಳೆಯದಾಯಿತು.

"ದಿನಾ ನೋಡ್ತೀನಿ. ನೀನು ಆಫೀಸಿಗೆ ಹೋದ್ಮೇಲೆ" ಎಂದಳು.

"ಮತ್ತೆ ಹೇಳಬಾರದಿತ್ತೇನಮ್ಮ?"

"ನೀನು ಕೇಳ್ಲಿಲ್ಲ." ದನಿ ಇಳಿಸಿ ಹೇಳಿದಳು. "ನಾನೂ ಸುಮ್ನಿದ್ದೆ ಅನ್ನು. ನೀನು ತಡ ಮಾಡ್ದಷ್ಟೂ ನಂಗೆ ಒಳ್ಳೇದೇ ಆಗ್ತಿತ್ತು."

ನನಗೆ ಅರ್ಥವಾಗಲಿಲ್ಲ. ಅಮ್ಮ ದಿವಾನದ ಅಂಚಿನಲ್ಲಿ ಕುಳಿತಳು.

"ಈ ಹೊಸ ಕಣ್ಣಲ್ಲಿ ಎಲ್ಲಾ ಆಸ್ಪತ್ರೆ ಇದ್ದಂಗೆ ಕಾಣ್ತೈತೆ ಕಣೋ. ಬೆಳ್ಳಗೆ, ತಣ್ಣಗೆ. ಮೊದಮೊದಲು ಖುಷಿ ಆಯ್ತು, ಸುಳ್ಳು ಹೇಳಲ್ಲ. ಈಗ ಸಂಜೆ ಹೊತ್ತು ಅದನ್ನ ಮುಚ್ಕೊಂಡು, ಈ ಹಳೇ ಕಣ್ಣಲ್ಲೇ ಕೂತಿರ್ತೀನಿ. ಮಬ್ಬು ಮಬ್ಬಾಗಿದ್ರೂ ನಮ್ಮನೆ ನಮ್ಮನೆ ಥರ ಇರ್ತೈತೆ. ಇದನ್ನೂ ಕುಯ್ಸಿಬಿಟ್ರೆ ನಾನು ಎಲ್ಲಿ ಹೋಗಿ ಕೂತ್ಕೊಳ್ಳಲಿ?"

ಧೂಳು, ಪೇಂಟು, ವೈದ್ಯರ ಎಚ್ಚರಿಕೆ, ಆ ದೋಷರಹಿತ ತರ್ಕ, ಎಲ್ಲದರ ಹಿಂದೆ ಇದೊಂದು ಕುಳಿತಿತ್ತು. ನನ್ನ ಹದಿನೇಳು ದಿನಗಳ ಪರಿಶೀಲನೆ ಅವಳಿಗೆ ಅಡಗಿಕೊಳ್ಳಲು ಸಿಕ್ಕ ಬಾಗಿಲಿನ ಮರೆಯಾಗಿತ್ತು. ಭಯಪಡುವುದು ಪದವೀಧರರ ಹಕ್ಕು ಎಂದು ನಾನು ತಿಳಿದಿದ್ದೆನೆಂದು ಕಾಣುತ್ತದೆ. ಏನಾದರೂ ಸರಿಯಾದದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ತಡೆದಳು.

"ತಡಿ" ಎಂದು ಎದ್ದಳು. ಹೊಸ ಕಣ್ಣನ್ನು ಮುಚ್ಚಿಕೊಂಡು ಹಳೆಯ ಕಣ್ಣಿನಿಂದ ಮೇಲಿನ ಚೌಕವನ್ನು ನೋಡಿದಳು. ಕೈ ಬದಲಿಸಿ, ಹೊಸ ಕಣ್ಣಿನಿಂದ ಕೆಳಗಿನದನ್ನು ನೋಡಿದಳು. ಮತ್ತೆ ಮೇಲಿನದು, ಮತ್ತೆ ಕೆಳಗಿನದು. ನಾಲ್ಕು ಸಲ ಹೀಗೆ ಮಾಡಿದಳು. ಹಾಲಿನ ಪಾತ್ರೆ ವಾಲಿಸುವಾಗ ಅವಳ ಹುಬ್ಬುಗಳ ನಡುವೆ ಮೂಡುತ್ತಿದ್ದ ಗೆರೆಯನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ.

"ಮೇಲಿಂದು ಹಳೇ ಕಣ್ಣಿಗೆ ಹೆಂಗೆ ಕಾಣ್ತೈತೋ, ಕೆಳಗಿಂದು ಹೊಸ ಕಣ್ಣಿಗೆ ಹಂಗೇ ಕಾಣ್ತೈತೆ" ಎಂದಳು.

ನಾನು ಇದನ್ನು ಮನಸ್ಸಿನಲ್ಲಿ ಎರಡು ಸಲ ಬಿಡಿಸಿ ನೋಡಬೇಕಾಯಿತು. ಪೊರೆಯು ತಾನಾಗಿ ಬೆರೆಸುತ್ತಿದ್ದ ಹಳದಿಯನ್ನು ಕೆಳಗಿನ ಬಣ್ಣದಲ್ಲಿ ಯಂತ್ರವೇ ಬೆರೆಸಿಟ್ಟಿತ್ತು. ಪೊರೆ ಹೋದರೂ ಆ ಒಂದು ಎಳೆ ಗೋಡೆಯಲ್ಲಿ ಉಳಿಯುತ್ತಿತ್ತು. ಬೆಳಕು, ಹೊತ್ತು, ಶುಭ್ರತೆ, ಇವ್ಯಾವ ಅಂಕಣದಲ್ಲೂ ಈ ಹೋಲಿಕೆಗೆ ಜಾಗವಿರಲಿಲ್ಲ. ಇದನ್ನು ಮಾಡಲು ಒಂದು ಹಳೆಯ ಕಣ್ಣು, ಒಂದು ಹೊಸ ಕಣ್ಣು ಇರುವವರೇ ಬೇಕಿತ್ತು. ಅದೂ ಎಡಗಣ್ಣಿನ ಸರದಿ ಬರುವ ಮೊದಲು.

"ಕೆಳಗಿಂದೇ ಬಳಿಯಪ್ಪ, ಹಸೀನ ಹಾಲು" ಎಂದು ಅಮ್ಮ ಶರಣಪ್ಪನಿಗೆ ಹೇಳಿದಳು. ನನ್ನ ಕಡೆ ತಿರುಗಿ, "ಆ ಆಸ್ಪತ್ರೆ ಹುಡುಗಿಗೆ ಬರ್ತೀವಿ ಅಂತ ಹೇಳು" ಎಂದಳು.

"ನಾ ಮೊದ್ಲ ಹೇಳಿದ್ನಲ್ರಿ ಸರ, ಎರಡೂ ಒಂದ ಅಂತ" ಎಂದ ಶರಣಪ್ಪ.

ಶುಕ್ರವಾರ ಗೋಡೆ ಮುಗಿಯಿತು. ಸೋಮವಾರ ಕಣ್ಣು ಮುಗಿಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಆಟೋ ಇಳಿಯುವಾಗ ನಾನು ಅಮ್ಮನ ಹಿಂದೆಯೇ ಇದ್ದೆ; ಫಲಿತಾಂಶದ ಪಟ್ಟಿಯ ಮುಂದೆ ನಿಂತಂತಿತ್ತು. ಅವಳು ಚಪ್ಪಲಿ ಬಿಟ್ಟಳು, ಒಳಗೆ ಕಾಲಿಟ್ಟಳು, ನಿಂತಳು. ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದನ್ನು ಮುಚ್ಚಿ ನೋಡಿದಳು, ಎರಡನ್ನೂ ತೆರೆದು ನೋಡಿದಳು. ಇಷ್ಟು ಹೊತ್ತು ಯಾವ ಮೌಲ್ಯಮಾಪಕರೂ ನನ್ನ ಉತ್ತರಪತ್ರಿಕೆಯನ್ನು ನೋಡಿರಲಾರರು.

"ಕೂತ್ಕೋಬೋದು" ಎಂದಳು. ದಿವಾನದ ಮೇಲೆ ಕುಳಿತು, ತಲೆ ಆನಿಸುವ ಮೊದಲು ಗೋಡೆಗೆ ಒಂದು ಟವೆಲ್ ಒಡ್ಡಿದಳು.

ಸುಧಾ ಒಂದು ಲೋಟ ಹಾಲು ತಂದುಕೊಟ್ಟಳು. ಅಮ್ಮ ಕುಡಿಯಲಿಲ್ಲ. ಲೋಟವನ್ನು ವಾಲಿಸಿದಳು.

"ಈ ಹಾಲು ಎಷ್ಟು ದಿನದಿಂದ ಬರ್ತೈತೆ?"

"ಮೂರು ವರ್ಷ ಆಗಿರಬೇಕು ಅತ್ತೆ."

"ಒಂದು ಕಣ್ಣಿಗೆ ಆವಾಗ್ಲೇ ಅನುಮಾನ ಇತ್ತು. ಇನ್ನೊಂದೂ ಬರ್ಲಿ, ಆಮೇಲೆ ಹೇಳೋಣ ಅಂತಿದ್ದೆ. ಬರೀ ನೀರು."

ಮರುದಿನ ಬೆಳಿಗ್ಗೆ ಸುಧಾ ಎರಡು ಬೇರೆ ಬೇರೆ ಅಂಗಡಿಗಳಿಂದ ಎರಡು ಬಗೆಯ ಹಾಲು ತಂದು, ಎರಡು ಲೋಟಗಳಿಗೆ ಸುರಿದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು. "ನೋಡಿ ಹೇಳ್ರೀ, ಇವುಗಳಲ್ಲಿ ಯಾವುದು ಒಳ್ಳೇದು?" ಎಂದು ಕೇಳಿದಳು. ನಾನು ಅಭ್ಯಾಸಬಲದಿಂದ ಎರಡೂ ಲೋಟಗಳನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಬಿಳಿ. ಇನ್ನೊಂದೂ ಬಿಳಿ. ಎದುರುಮನೆಯ ಕೇಸರಿ ಬೆಳಕು ಬೀಳುತ್ತಿದೆ, ಮಧ್ಯಾಹ್ನ ಇನ್ನೊಮ್ಮೆ ನೋಡಬೇಕಾಗಬಹುದು ಎಂದು ಯೋಚಿಸತೊಡಗಿದ್ದೆ. ಆಮೇಲೆ ಲೋಟಗಳನ್ನು ಕೆಳಗಿಟ್ಟೆ.

"ನನಗೆ ಗೊತ್ತಿಲ್ಲ" ಎಂದೆ.

ಸುಧಾ ತಿರುಗಿ ನನ್ನ ಮುಖ ನೋಡಿದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು.

ನಡುಮನೆಯಿಂದ ಅಮ್ಮನ ದನಿ ಕೇಳಿಸಿತು. "ಎರಡನ್ನೂ ಇಲ್ಲಿ ತಗೊಂಬಾ."